ಐದು ವರ್ಷ ಎಂದು ಬರೆದ ಸಾಲು

ವಿಶ್ವವಿದ್ಯಾಲಯದ ಜೀವಶಾಸ್ತ್ರ ವಿಭಾಗದಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು ಯೀಸ್ಟಮ್ಮ ಎನ್ನುತ್ತಿದ್ದರು. ಬ್ರೆಡ್ಡಿಗೆ ಹಾಕುವ ಅದೇ ಯೀಸ್ಟನ್ನು ಅವಳು ಇಪ್ಪತ್ತೆರಡು ವರ್ಷದಿಂದ ಗಾಜಿನ ತಟ್ಟೆಗಳಲ್ಲಿ ಸಾಕುತ್ತಿದ್ದಳು. ಜೀವಕೋಶ ತನ್ನೊಳಗೆ ಕೆಟ್ಟುಹೋದ ಪ್ರೋಟೀನನ್ನು ಹೇಗೆ ಗುರುತು ಹಿಡಿಯುತ್ತದೆ ಎಂಬುದೊಂದೇ ಅವಳ ಪ್ರಶ್ನೆ. ಸರ್ಕಾರದ ಅನುದಾನ ಎರಡು ಸಲ ಕೈಕೊಟ್ಟ ಮೇಲೆ ಖಾಸಗಿ ಪ್ರತಿಷ್ಠಾನಗಳ ಬಾಗಿಲು ತಟ್ಟಿದಳು. ಆರು ಅರ್ಜಿ ಹಾಕಿದಳು, ಆರೂ ಕಲ್ಲಿನ ಮೇಲೆ ನೀರು ಹುಯ್ದಂತಾದವು.

ಏಳನೆಯದು ಸಣ್ಣ ಪ್ರತಿಷ್ಠಾನ. ಕೆಟ್ಟ ಪ್ರೋಟೀನು ತುಂಬಿ ಸ್ನಾಯು ಸೊರಗುವ ಕಾಯಿಲೆಯಲ್ಲಿ ಮಗಳನ್ನು ಕಳೆದುಕೊಂಡ ದಂಪತಿ ಕಟ್ಟಿದ್ದು. ಅರ್ಜಿಯ ನಾಲ್ಕನೇ ಪುಟದಲ್ಲಿ ಒಂದು ಪ್ರಶ್ನೆಯಿತ್ತು: ನಿಮ್ಮ ಸಂಶೋಧನೆಯಿಂದ ರೋಗಿಗಳಿಗೆ ಯಾವಾಗ, ಏನು ಪ್ರಯೋಜನ? ಅದನ್ನು ಅವಳು ಮೂರು ದಿನದಿಂದ ಖಾಲಿ ಬಿಟ್ಟಿದ್ದಳು.

ಪ್ರಯೋಗಾಲಯ ಶುರುವಾದಾಗಿನಿಂದ ಜೊತೆಗಿದ್ದ ಸಹಾಯಕಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ತಟ್ಟೆ ತೊಳೆಯುತ್ತ ಕೇಳಿದಳು, "ಏನಾದ್ರೂ ಬರೀಬಾರದಾ ಮೇಡಂ?"

"ಯಾವಾಗ ಅಂತ ಕೇಳಿದಾರೆ ಅಕ್ಕ. ಗೊತ್ತಿಲ್ಲ ಅಂತ ಬರೆಯೋಕಾಗುತ್ತಾ?"

"ಬೇರೆಯವರು ಏನು ಬರೀತಾರೆ?"

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಾರೆ."

"ನೀವೂ ಒಂದು ಹೊಲೀರಿ. ನನ್ನ ಕೆಲಸ ಬರೋ ತಿಂಗಳಿಗೆ ಮುಗಿಯುತ್ತೆ." ಅಕ್ಕ ನಗುತ್ತಲೇ ಹೇಳಿದಳು.

ಯೀಸ್ಟಮ್ಮನಿಗೆ ನಗು ಬರಲಿಲ್ಲ. 'ಐದು ವರ್ಷಗಳಲ್ಲಿ ಈ ಸಂಶೋಧನೆ ಚಿಕಿತ್ಸೆಗೆ ದಾರಿ ತೆರೆಯಬಹುದು' ಎಂದು ಬರೆದಳು. 'ಬಹುದು' ಸಪ್ಪೆ ಎನಿಸಿತು. ಅಳಿಸಿ, 'ತೆರೆಯಲಿದೆ' ಎಂದು ಮಾಡಿ ಕಳಿಸಿಬಿಟ್ಟಳು.

ಹಣ ಮಂಜೂರಾಯಿತು. ಮೊದಲ ವರ್ಷದ್ದು ಕೈಗೆ ಬಂತು, ಎರಡನೆಯದು ಕೆಲಸ ನೋಡಿ ಕೊಡುವುದೆಂದಾಯಿತು. ಅಕ್ಕನ ಕೆಲಸ ಉಳಿಯಿತು.

ಎಂಟು ತಿಂಗಳ ಮೇಲೆ ಒಂದು ಬೆಳಗ್ಗೆ ಪ್ರತಿಷ್ಠಾನದ ಆ ತಾಯಿ ಒಬ್ಬಳೇ ಪ್ರಯೋಗಾಲಯ ನೋಡಲು ಬಂದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. "ಬರೀ ಚುಕ್ಕಿಗಳು," ಎಂದಳು. ಆಮೇಲೆ ಸ್ಟೂಲಿನ ಮೇಲೆ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ಡಾಕ್ಟ್ರೇ, ನಮ್ಮ ಚಿಕ್ಕವಳಿಗೂ ಅದೇ ಇದೆ. ಅರ್ಜಿ ಹಾಕೋರಿಗೆ ಹೇಳೋದು ಬೇಡ ಅಂತ ನಮ್ಮನೆಯವರು ಅಂದಿದ್ರು. ಈಗ ಅವಳಿಗೆ ಹನ್ನೊಂದು. ದೊಡ್ಡವಳು ಹೋಗಿದ್ದು ಹದಿನೇಳಕ್ಕೆ. ನೀವು ಐದು ವರ್ಷ ಅಂದಿದೀರಿ. ಒಂದು ವರ್ಷ ಮಿಗುತ್ತೆ."

ಯೀಸ್ಟಮ್ಮ ಸೂಕ್ಷ್ಮದರ್ಶಕದ ದೀಪ ಆರಿಸಿದಳು.

"ಗಾಲಿಕುರ್ಚಿ ಹೋಗೋ ಹಾಗೆ ಬಚ್ಚಲ ಬಾಗಿಲು ಅಗಲ ಮಾಡಿಸಬೇಕು ಅಂತಿದ್ವಿ," ತಾಯಿ ಮುಂದುವರಿಸಿದಳು. "ಐದು ವರ್ಷದ ಮಾತಿಗೆ ಗೋಡೆ ಯಾಕೆ ಒಡೆಸೋದು ಅಂತ ಸುಮ್ಮನಾದ್ವಿ. ಅಲ್ಲೀವರೆಗೆ ಅವರಪ್ಪ ಎತ್ಕೊಂಡು ಹೋಗ್ತಾರೆ."

ಏನಾದರೊಂದು ಹೇಳಿ ಮಾತು ತೇಲಿಸಬಹುದಿತ್ತು.

"ಬಾಗಿಲು ಮಾಡಿಸಿಬಿಡಿ," ಎಂದಳು ಯೀಸ್ಟಮ್ಮ.

"ಅಂದ್ರೆ?"

"ನಾನು ಬರೆದದ್ದು ಸುಳ್ಳು. ಇದರಿಂದ ಔಷಧಿ ಬರೋದಾದ್ರೆ ಇಪ್ಪತ್ತು ವರ್ಷ ಆಗಬಹುದು, ಮೂವತ್ತೂ ಆಗಬಹುದು. ಬರದೇನೂ ಇರಬಹುದು. ಬರೆಯೋವಾಗಲೇ ನನಗಿದು ಗೊತ್ತಿತ್ತು."

ಹಿಂದೆ ತಟ್ಟೆ ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಿದಳು.

"ಗೊತ್ತಿದ್ದೂ ಯಾಕೆ ಬರೆದ್ರಿ?"

"ಹಣ ಬೇಕಿತ್ತು."

ತಾಯಿ ಕೂಗಾಡಲಿಲ್ಲ, ಅಳಲಿಲ್ಲ. ಎದ್ದು ಬಾಗಿಲವರೆಗೆ ಹೋದವಳು ತಿರುಗಿ, "ಅವಳಪ್ಪನಿಗೆ ನಾನೇನು ಹೇಳಲಿ?" ಎಂದಳು. ಕೈಚೀಲ ಹೆಗಲಿಗೇರಿಸಿ ಹೋದಳು.

ಅಕ್ಕ ಒದ್ದೆ ಕೈಯಲ್ಲೇ ನಿಂತಿದ್ದಳು. "ಇನ್ನು ನಾಲ್ಕು ತಿಂಗಳು ಸುಮ್ಮನಿರಬಹುದಿತ್ತು ಮೇಡಂ."

"ಮಗೂನ ಎತ್ಕೊಂಡು ಓಡಾಡ್ತಿದಾರೆ ಅಕ್ಕ."

"ಅವರ ಮನೆ ವಿಷಯ ಸರಿ. ನನ್ನ ಮನೆ?"

ಎರಡನೇ ವರ್ಷದ ಹಣ ಬರಲಿಲ್ಲ. ಎರಡು ಸಾಲಿನ ಪತ್ರ ಬಂತು, ಅದರಲ್ಲಿ ಕಾರಣವಿರಲಿಲ್ಲ. ಅಕ್ಕ ಒಂದು ಆಸ್ಪತ್ರೆಯ ರಕ್ತಪರೀಕ್ಷಾ ಕೇಂದ್ರ ಸೇರಿದಳು. ಹೋಗುವ ದಿನ ಕಪಾಟುಗಳಿಗೆಲ್ಲ ಹೊಸ ಚೀಟಿ ಅಂಟಿಸಿ, ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟಳು. ಊಟಕ್ಕೆ ಕರೆದರೆ ಹೊತ್ತಾಯಿತು ಎಂದಳು.

ಬಾಗಿಲು ಮಾಡಿಸಿದರೋ ಇಲ್ಲವೋ ಯೀಸ್ಟಮ್ಮನಿಗೆ ತಿಳಿಯಲಿಲ್ಲ. ಕೇಳಲು ಎರಡು ಸಲ ಫೋನ್ ಎತ್ತಿದ್ದಳು. ಯಾವ ಮುಖ ಇಟ್ಟುಕೊಂಡು ಕೇಳುವುದೆಂದು ಕೆಳಗಿಟ್ಟಳು. ಎಂಟನೇ ಅರ್ಜಿ ಹಾಕಿದಳು. ಅದರಲ್ಲಿ ಯಾವಾಗ ಎಂಬ ಪ್ರಶ್ನೆಗೆ 'ಹೇಳಲಾಗದು' ಎಂದೇ ಬರೆದಳು. ಅದೂ ವಾಪಸು ಬಂತು.

ಈಗ ತಟ್ಟೆಗಳನ್ನು ಅವಳೇ ತೊಳೆಯುತ್ತಾಳೆ. ಅಕ್ಕ ಹೋದ ಮೂರನೇ ವಾರ, ಕುಕ್ಕರಿನಂತೆ ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವ ಹಳೆಯ ಯಂತ್ರದ ಮುಚ್ಚಳ ಏನು ಮಾಡಿದರೂ ಕೂರಲಿಲ್ಲ. ಬೇರೆ ದಾರಿ ಕಾಣದೆ ಅಕ್ಕನಿಗೆ ಫೋನ್ ಮಾಡಿದಳು.

"ಎಡಗಡೆ ತಿರುಪು ಮೊದಲು ಬಿಗಿ ಮಾಡಿ. ಆಮೇಲೆ ಬಲಗಡೆದು," ಎಂದಳು ಅಕ್ಕ.

"ಚೆನ್ನಾಗಿದೀರಾ ಅಕ್ಕ?"

"ಇಲ್ಲಿ ಜನ ಕಾಯ್ತಿದಾರೆ ಮೇಡಂ," ಎಂದು ಅಕ್ಕ ಫೋನ್ ಇಟ್ಟಳು.

ಯೀಸ್ಟಮ್ಮ ಎಡಗಡೆಯ ತಿರುಪು ಬಿಗಿ ಮಾಡಿದಳು. ಮುಚ್ಚಳ ಕೂತಿತು.