ಗಾರ್ಡಿನ ಹಸಿರು

ತಿಂಗಳಿಗೊಂದು ಭಾನುವಾರ ಸ್ಟೇಷನ್ನಿನ ಹಳೆಯ ಲ್ಯಾಂಪ್ ರೂಮಿನಲ್ಲಿ ರೈಲ್ವೆಯಿಂದ ನಿವೃತ್ತರಾದವರ ದರ್ಬಾರು ನಡೆಯುತ್ತಿತ್ತು. ಒಂದು ಕಾಲಕ್ಕೆ ಕೈದೀಪಗಳಿಗೆ ಎಣ್ಣೆ ತುಂಬುತ್ತಿದ್ದ ಕೋಣೆ. ಗೋಡೆಗೆ ಈಗಲೂ ಸೀಮೆಎಣ್ಣೆಯ ವಾಸನೆ. ಯಾವ ಲೈನು ಡಬಲ್ ಆಯಿತು, ಯಾವ ಸ್ಟೇಷನ್ ಮುಚ್ಚಿತು, ಯಾರ ಮಂಡಿ ಕೈಕೊಟ್ಟಿತು, ಎಲ್ಲ ಸುದ್ದಿಯೂ ಅಲ್ಲಿಗೆ ಬರಲೇಬೇಕು. ಈಗಿನವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂಬ ನಿರ್ಣಯ ಪ್ರತಿ ಸಲವೂ ಸರ್ವಾನುಮತದಿಂದ ಪಾಸಾಗುತ್ತಿತ್ತು.

ಆ ದರ್ಬಾರಿಗೆ ಡ್ರೈವರ್ ಬರುವುದನ್ನು ನಿಲ್ಲಿಸಿ ಹಲವು ತಿಂಗಳಾಗಿತ್ತು. ಗಂಟಲಿನ ಆಪರೇಷನ್ ಆಗಿ ಜೀವ ಉಳಿದಿತ್ತು, ದನಿ ಉಳಿದಿರಲಿಲ್ಲ. ಬಾಯಿ ತೆರೆದರೆ ಕೋಣೆ ತುಂಬುತ್ತಿದ್ದ ಮನುಷ್ಯ ಈಗ ಕಿಟಕಿ ಮುಚ್ಚಿಕೊಂಡು ಕೂತಿದ್ದ. ಬರೆದು ತೋರಿಸಲಿ ಎಂದು ಮಗಳು ತಂದುಕೊಟ್ಟ ಸ್ಲೇಟು ಮಂಚದ ಕೆಳಗೆ ಬಿದ್ದಿತ್ತು.

ಇದು ಎಲ್ಲರಿಗಿಂತ ಹೆಚ್ಚು ಚುಚ್ಚಿದ್ದು ಗಾರ್ಡಿಗೆ. ಇಬ್ಬರೂ ಒಂದೇ ಗಾಡಿಯಲ್ಲಿ ತಲೆ ನರೆಸಿಕೊಂಡವರು. ಜೋಡಿ ಎಂದರೆ ಎಂಥ ಜೋಡಿ! ಅವನು ಗಾಡಿಯ ಆ ತುದಿ, ಇವನು ಈ ತುದಿ. ಡ್ಯೂಟಿಯಲ್ಲಿ ಮುಖ ನೋಡಿದ್ದೇ ಕಡಿಮೆ. ಮಾತೆಲ್ಲ ಇಂಜಿನ್ನಿನ ಕೂಗು ಮತ್ತು ಬಾವುಟದಲ್ಲೇ. ಎರಡು ಚಿಕ್ಕ ಕೂಗು ಎಂದರೆ, ಗಾರ್ಡ್, ನಿನ್ನ ಸಿಗ್ನಲ್ ಎಲ್ಲಿ? ನಾಲ್ಕು ಚಿಕ್ಕ ಕೂಗು ಎಂದರೆ, ಗಾಡಿ ಮುಂದೆ ಹೋಗುವಂತಿಲ್ಲ. ಒಂದು ಉದ್ದನೆಯ ಕೂಗು ಎಂದರೆ, ಇದೋ ಹೊರಟೆ. ಗಾರ್ಡಿನ ಹಸಿರು ಕಾಣದೆ ಹೊರಡುವ ಹಾಗಿಲ್ಲ. ಅಷ್ಟುದ್ದದ ಗಾಡಿ ತನ್ನ ಕೈಯಗಲದ ಬಟ್ಟೆಗೆ ಕಾಯುತ್ತಿತ್ತು ಎಂಬ ಹೆಮ್ಮೆ ಗಾರ್ಡಿಗೆ ಇನ್ನೂ ಇಳಿದಿರಲಿಲ್ಲ.

ಆ ಹೆಮ್ಮೆಗೆ ಒಂದೇ ಒಂದು ಸಲ ಪೆಟ್ಟು ಬಿದ್ದಿತ್ತು. ಸಣ್ಣದೊಂದು ಸ್ಟೇಷನ್ನಿನಲ್ಲಿ ಗಾರ್ಡ್ ಕೆಳಗಿಳಿದಿದ್ದಾಗ, ಗಾಡಿಯ ಹಿಂಭಾಗದಲ್ಲಿ ಯಾವಳೋ ಹೆಂಗಸು ಊರಿಗೆ ಹೊರಟ ತಂಗಿಯತ್ತ ತನ್ನ ಹಸಿರು ಶಾಲು ಬೀಸಿದಳು. ಡ್ರೈವರ್ ಅದನ್ನೇ ಬಾವುಟ ಎಂದುಕೊಂಡು ಗಾಡಿ ಬಿಟ್ಟ. ಗಾರ್ಡ್ ಪ್ಲಾಟ್‌ಫಾರ್ಮಿನಲ್ಲೇ ಉಳಿದ. ತಪ್ಪು ಯಾರದು? “ಗಾರ್ಡ್ ಟೀ ಕುಡೀತಾ ಮೈಮರೆತಿದ್ದ, ಹಸಿರು ಅಂದ್ರೆ ಹಸಿರೇ ಕಣಯ್ಯಾ” ಎಂದು ಡ್ರೈವರ್ ಪ್ರತಿ ತಿಂಗಳೂ ಹೇಳುತ್ತಿದ್ದ. ಗಾರ್ಡ್ ಪ್ರತಿ ತಿಂಗಳೂ ಉರಿದು ಬೀಳುತ್ತಿದ್ದ. ಈಗ ಆ ಕಥೆಯನ್ನು ತನಗೆ ಬೇಕಾದ ಹಾಗೆ ಹೇಳಿಕೊಳ್ಳಬಹುದಿತ್ತು. ಆದರೆ ಎದುರಾಡುವವನೇ ಇಲ್ಲದ ಮೇಲೆ ಗೆದ್ದು ಏನು ಸುಖ?

ಈ ಭಾನುವಾರ ಗಾರ್ಡ್ ತನ್ನ ಹಳೇ ಸೈಕಲ್ಲಿನ ರಬ್ಬರ್ ಹಾರ್ನ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಚೀಲದಲ್ಲಿ ಎಂದಿನಂತೆ ಹಸಿರು ಬಾವುಟವೂ ಇತ್ತು. ನಿವೃತ್ತಿಯ ದಿನ ಅದನ್ನು ಹಿಂದಿರುಗಿಸಲು ಅವನಿಗೆ ಮರೆತುಹೋಗಿತ್ತಂತೆ.

“ಅಪ್ಪ ಯಾರನ್ನೂ ನೋಡಲ್ಲ ಅಂತಾರೆ, ಗಾರ್ಡ್ ಮಾಮ” ಎಂದಳು ಬಾಗಿಲು ತೆರೆದ ಮಗಳು.

“ನೋಡೋದು ಬೇಡ ಬಿಡಮ್ಮ. ಇಷ್ಟು ವರ್ಷ ನೋಡದೇನೇ ಕೆಲಸ ಮಾಡಿದ್ದೀವಿ.”

ಒಳಗೆ ಹೋಗಿ ಹಾರ್ನನ್ನು ಡ್ರೈವರನ ತೊಡೆಯ ಮೇಲಿಟ್ಟ. “ನಿನ್ನ ಹೊಸ ಗಂಟಲು, ತಗೋ. ಇವತ್ತು ಶಾಲಿನ ಕಥೆ ನಾನು ಹೇಳ್ತೀನಿ, ನನ್ನಿಷ್ಟದ ಹಾಗೆ. ತಡೆಯೋ ತಾಕತ್ತಿದ್ರೆ ಬಾ.”

ಡ್ರೈವರ್ ಅವನನ್ನು ದುರುಗುಟ್ಟಿ ನೋಡಿದ. ಆಮೇಲೆ ಎದ್ದು ಇಸ್ತ್ರಿ ಮಾಡಿದ ಅಂಗಿ ಹುಡುಕಿದ.

ಇಬ್ಬರೂ ಲ್ಯಾಂಪ್ ರೂಮಿಗೆ ಕಾಲಿಟ್ಟರೆ ಗಲಾಟೆಯೆಲ್ಲ ಗಪ್‌ಚುಪ್. ಸ್ಟೇಷನ್ ಮಾಸ್ಟರ್ ಗಂಟಲು ಹರಿಯುವ ಹಾಗೆ ಕೂಗಿದರು: “ಹೇಗಿದ್ದೀಯಪ್ಪಾ?”

“ಹೋಗಿರೋದು ದನಿ ಸ್ವಾಮಿ, ಕಿವಿಯಲ್ಲ” ಎಂದ ಹಳಿ ಬದಲಿಸುತ್ತಿದ್ದ ಪಾಯಿಂಟ್ಸ್‌ಮನ್.

ಯಾರಿಗೂ ನಗು ಬರಲಿಲ್ಲ. ಡ್ರೈವರ್ ನೆಲ ನೋಡುತ್ತ, ಆಗಷ್ಟೇ ಕೂತ ಕುರ್ಚಿಯಿಂದ ಅರ್ಧ ಎದ್ದ. ಈಗ ಹೋದರೆ ಇವನು ಮತ್ತೆಂದೂ ಬರುವವನಲ್ಲ. ಗಾರ್ಡ್ ಅವಸರ ಅವಸರವಾಗಿ ಕಥೆ ಶುರುಮಾಡಿದ.

“ಅವತ್ತು ನಾನು ರೂಲ್ ಪ್ರಕಾರ ಪಾರ್ಸೆಲ್ ಡಬ್ಬಿಯ ಬಾಗಿಲು ನೋಡ್ತಿದ್ದೆ. ಈ ಮಹಾಶಯ ಇಂಜಿನ್ನಲ್ಲಿ ತೂಕಡಿಸ್ತಾ...”

ಪೀಂ ಪೀಂ ಪೀಂ ಪೀಂ!

“ಗಾಡಿ ಮುಂದೆ ಹೋಗೋ ಹಾಗಿಲ್ಲ!” ಪಾಯಿಂಟ್ಸ್‌ಮನ್ ಕುರ್ಚಿಯಿಂದ ನೆಗೆದೇಬಿಟ್ಟ. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು.

“ಸರಿ, ತೂಕಡಿಸ್ತಿರಲಿಲ್ಲ. ನಾನಂತೂ ಟೀ ಅಂಗಡಿ ಕಡೆ ತಲೆ ಹಾಕಿರಲಿಲ್ಲ.”

ಪೀಂ ಪೀಂ ಪೀಂ ಪೀಂ!

“ಒಂದೇ ಗುಟುಕು!”

ಮತ್ತೆ ನಾಲ್ಕು.

“ಆಯ್ತು ಮಹರಾಯ, ಒಂದು ಲೋಟ!”

ಪೀಂಽಽಽಽ. ಕಥೆಯ ಗಾಡಿ ಹೊರಟಿತು. ಶಾಲು ಬಂತು, ಹಾರಿತು. ಮುಂದಿನದನ್ನು ಡ್ರೈವರ್ ಗಾರ್ಡಿಗೆ ಬಿಡಲೇ ಇಲ್ಲ. ಎರಡು ಚಿಕ್ಕ ಕೂಗು ಹಾಕಿ ಕಿವಿಗೆ ಕೈ ಇಟ್ಟು ಕಾದ. ಉತ್ತರವಿಲ್ಲ. ಮತ್ತೆರಡು. ಎಷ್ಟೋ ಸಲ ಕೇಳಿದ ಕಥೆಯಾದರೂ ಎಲ್ಲರೂ ಉಸಿರು ಬಿಗಿಹಿಡಿದಿದ್ದರು.

“ಗಾರ್ಡ್ ಎಲ್ಲಿದ್ದ?” ಸ್ಟೇಷನ್ ಮಾಸ್ಟರ್ ಕೇಳಿದರು.

“ಪ್ಲಾಟ್‌ಫಾರ್ಮಿನಲ್ಲಿ!” ಎಂದು ಇಡೀ ಕೋಣೆ ಕೂಗಿತು.

ಡ್ರೈವರ್ ನಗುತ್ತಿದ್ದ. ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಇವನು ನನ್ನ ಡ್ರೈವರ್ ಎಂದುಕೊಂಡ ಗಾರ್ಡಿಗೆ ಎದೆ ತುಂಬಿ ಬಂತು. ಅವನ ಕಥೆಯಲ್ಲಿ ತಾನು ಸೋತದ್ದು ಮೊದಲ ಸಲ ಹಿತವೆನಿಸಿತು.

ಸಂಜೆ ಮಗಳು ಅಪ್ಪನನ್ನು ಕರೆದೊಯ್ಯಲು ಬಂದಳು. ಅವಳ ಹೆಗಲ ಮೇಲೂ ಹಸಿರು ಶಾಲೇ ಇರಬೇಕೆ! ಗೇಟಿನ ಹತ್ತಿರದಿಂದಲೇ ಅದನ್ನು ಬೀಸಿ, “ಅಪ್ಪಾ, ಹೊರಡೋಣ್ವಾ?” ಎಂದಳು.

“ಹೊರಡಪ್ಪಾ ಹೊರಡು, ಹಸಿರು ಅಂದ್ರೆ ಹಸಿರೇ ಅಲ್ವಾ!” ಎಲ್ಲರೂ ಅವನ ಮೇಲೆ ಮುಗಿಬಿದ್ದರು.

ಡ್ರೈವರ್ ಬಾಗಿಲ ತನಕ ಹೋದ. ಅಲ್ಲಿ ನಿಂತ. ಮಗಳ ಶಾಲಿಗೆ ಬೆನ್ನು ತಿರುಗಿಸಿ, ಕೊನೆಯ ಕುರ್ಚಿಯಲ್ಲಿದ್ದ ಗಾರ್ಡಿನ ಕಡೆ ನೋಡುತ್ತ ಹಾರ್ನ್ ಎತ್ತಿದ.

ಪೀಂ ಪೀಂ.

ನಗು ನಿಂತುಹೋಯಿತು. ಆ ಎರಡು ಕೂಗಿನ ಅರ್ಥ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಗಾರ್ಡ್ ಚೀಲಕ್ಕೆ ಕೈಹಾಕಿದ. ಸುರುಳಿ ಸುತ್ತಿಟ್ಟಿದ್ದ ಬಾವುಟ ಬಿಚ್ಚುವುದು ಸ್ವಲ್ಪ ತಡವಾಯಿತು. ಡ್ರೈವರ್ ಕಾದ. ಗಾರ್ಡ್ ಎದ್ದು ನಿಂತು ಬಾವುಟ ಎತ್ತಿ ಹಿಡಿದ ಮೇಲೆಯೇ, ಒಂದು ಉದ್ದನೆಯ ಕೂಗು ಹಾಕಿ, ಅವನು ಹೊಸ್ತಿಲು ದಾಟಿದ.