ವಾಪಸ್ ಹೇಗೆ ಬರುತ್ತೆ?

ಫ್ರೌ ವಾಲ್‌ಬುರ್ಗಾ ಶ್ಟೀಗ್ಲರ್ ಅವರನ್ನು ನಾನು ಒಂದು ವರ್ಷವಿಡೀ ವಿರಹಿಣಿಯೆಂದೇ ತಿಳಿದಿದ್ದೆ. ಹಳಿಗಳು ನಾಲ್ಕು ಕಡೆಯಿಂದ ಬಂದು ಕೂಡುವ ನಮ್ಮ ಟ್ರಾಯ್ಷ್ಟ್‌ಲಿಂಗನ್ ನಿಲ್ದಾಣಕ್ಕೆ ಮಧ್ಯಾಹ್ನದ ವೇಗದ ರೈಲು ಬರುವ ಹೊತ್ತಿಗೆ ಸರಿಯಾಗಿ ಹಸಿರು ಉಣ್ಣೆಕೋಟಿನ ಈ ವೃದ್ಧೆ ಪ್ರತ್ಯಕ್ಷರಾಗಿ, ಎಡಗಾಲನ್ನು ತುಸು ಎಳೆಯುತ್ತ, ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒಂದೊಂದರ ಮುಂದೆಯೂ ಅರೆಕ್ಷಣ ನಿಂತು, ತುಟಿಯಲ್ಲೇ ಏನನ್ನೋ ಜಪಿಸುತ್ತ ಸಾಗುವರು. ಮರಳದ ಪ್ರಿಯನೊಬ್ಬನನ್ನು ನಾನೇ ಕಲ್ಪಿಸಿಕೊಂಡು, ನನ್ನ ಹೆಂಡತಿಗೂ ವರ್ಣಿಸಿ, ಅವಳ ಕಣ್ಣಲ್ಲಿ ನೀರು ತರಿಸಿದ್ದೆ. ಕಡೆಗೊಂದು ದಿನ ಕರುಣೆ ಉಕ್ಕಿ, ಒಂದು ಲೋಟ ಕಾಫಿ ಹಿಡಿದುಕೊಂಡು ಹೋಗಿ ಕೇಳಿದೆ: "ಯಾರಿಗಾದ್ರೂ ಕಾಯ್ತಿದೀರಾ, ಮೇಡಂ?"

"ಊಟ ಬಡಿಸೋ ಡಬ್ಬಿ ಒಂದು ಕಡೆ, ಮೊದಲ ದರ್ಜೆ ಇನ್ನೊಂದು ಕಡೆ! ನೋಡ್ರೀ, ಹೇಗೆ ಪೋಣಿಸಿದಾರೆ!" ಎಂದು ಸಿಡುಕಿ, ಕಾಫಿ ಕುಡಿದು, "ಸಕ್ಕರೆ ಸಾಲದು" ಎಂದು ಲೋಟ ಹಿಂದಿರುಗಿಸಿದರು.

ನ್ಯೂರ್ನ್‌ಬೆರ್ಗಿನ ರೈಲ್ವೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ, ಯಾವ ರೈಲಿಗೆ ಯಾವ ಡಬ್ಬಿ, ಯಾವುದರ ಹಿಂದೆ ಯಾವುದು ಎಂದು ಗೆರೆ ಎಳೆದು ನಿರ್ಧರಿಸುವುದೇ ಅವರ ಉದ್ಯೋಗವಾಗಿತ್ತು. ಇದು ತಿಳಿದೊಡನೆ ಅವರನ್ನು, ಮೇಜಿನ ಮೇಲೆ ಪುಟ್ಟ ರೈಲುಗಳನ್ನು ಮಾಡಿ ಓಡಿಸುವ ನಮ್ಮ ಮಾದರಿ ರೈಲು ಸಂಘಕ್ಕೆ ಕರೆದೊಯ್ದವನು ನಾನೇ. ಮನುಷ್ಯ ತನ್ನ ತಲೆಗೆ ಬೀಳುವ ಕಲ್ಲನ್ನು ಎಷ್ಟು ಜತನದಿಂದ ಹೊತ್ತು ತರುತ್ತಾನೆ!

ಅಲ್ಲಿಯವರೆಗೆ ಸಂಘದ ಪಂಡಿತನೆಂದರೆ ನಾನು. ಕನ್ನಡಕದಂಗಡಿಯ ಲೈಡೆಲ್ ಎಂದರೆ ಊರಿಗೆ ಕನ್ನಡಕ ಮಾರುವವನಾದರೂ ಸಂಘಕ್ಕೆ ದಿವ್ಯದೃಷ್ಟಿ ಕೊಡುವವನು. ಹಳೆಯ ರೈಲುಗಳ ಡಬ್ಬಿಗಳ ಕ್ರಮವನ್ನು ಮುದ್ರಿಸಿದ ಏಳು ಯೋಜನಾಪುಸ್ತಕಗಳು ನನ್ನಲ್ಲಿದ್ದವು. ಒಲೆಯ ಪಕ್ಕದ ಬೆಚ್ಚನೆಯ ಕುರ್ಚಿಯೂ ನನ್ನದಾಗಿತ್ತು. ಫ್ರೌ ಶ್ಟೀಗ್ಲರ್ ಬಂದ ಮೂರನೆಯ ಗುರುವಾರ ಆ ಕುರ್ಚಿಯಲ್ಲಿ ಹಸಿರು ಕೋಟು ಕೂತಿತ್ತು. ಪ್ಲಮ್ ಹಣ್ಣಿನ ಕೇಕಿನ ಅಂಚಿನ ತುಂಡು, ಯಾವಾಗಲೂ ನನಗೇ ಮೀಸಲಾಗಿದ್ದದ್ದು, ಆ ಕೋಟಿನ ಮುಂದಿತ್ತು. ಮತ್ಸರ ದೊಡ್ಡ ದೊಡ್ಡ ಕಾರಣಗಳಿಂದ ಹುಟ್ಟುತ್ತದೆಂದು ಬಲ್ಲವರು ಬರೆದಿದ್ದಾರೆ. ಅವರಿಗೆ ಯಾರೂ ಕೇಕಿನ ಮಧ್ಯದ ತುಂಡನ್ನು ಕೊಟ್ಟಿರಲಿಕ್ಕಿಲ್ಲ.

ಅವರ ಕೋಟಿನ ಜೇಬಿನಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯಾದ ಗಿಡ್ಡ ಪೆನ್ಸಿಲು. ಬಾಯಲ್ಲಿ ಸದಾ ಒಂದೇ ಪ್ರಶ್ನೆ. ಯಾರೋ ನೆರೆಯವರಿಗೆ ಏಣಿ ಕೊಟ್ಟೆನೆಂದರೆ, "ವಾಪಸ್ ಹೇಗೆ ಬರುತ್ತೆ?" ಮಗಳು ಸೈಕಲ್ಲಿನಲ್ಲಿ ಐಷ್ಟೆಟ್ಟಿಗೆ ಹೋದಳೆಂದರೆ, "ಸೈಕಲ್ ವಾಪಸ್ ಹೇಗೆ ಬರುತ್ತೆ?" ಇಗರ್ಜಿಯಲ್ಲಿ ಪಾದ್ರಿಗಳು ಆತ್ಮದ ಊರ್ಧ್ವಗಮನವನ್ನು ಭಾವಪರವಶರಾಗಿ ವರ್ಣಿಸುತ್ತಿದ್ದಾಗ ಮೂರನೆಯ ಸಾಲಿನಿಂದ ಇದೇ ಗೊಣಗಾಟ ಕೇಳಿಬಂತೆಂದು ಸಂಘದ ಅಧ್ಯಕ್ಷ ಓಟ್ಮಾರ್ ಆಣೆಯಿಟ್ಟು ಹೇಳುತ್ತಾನೆ. ಎಲ್ಲರೂ ನಕ್ಕರು, ನಾನು ನಗಲಿಲ್ಲ. ನನ್ನ ಮಾತಿಗೆ ಯಾರೂ ಹೀಗೆ ನಕ್ಕದ್ದಿಲ್ಲ.

ಆ ವರ್ಷ ಸಂಘಕ್ಕೆ ನಲವತ್ತು ತುಂಬುತ್ತಿತ್ತು. ಸ್ಮರಣಸಂಚಿಕೆಯ ಮುಖ್ಯ ಲೇಖನ ನನ್ನದು, ಹದಿನಾಲ್ಕು ಪುಟ. ೧೯೫೯ರ ಬೇಸಿಗೆಯ ಪುಸ್ತಕದಲ್ಲಿ ನಾನೊಂದು ರಹಸ್ಯ ಪತ್ತೆಹಚ್ಚಿದ್ದೆ: ಪ್ರತಿ ಶುಕ್ರವಾರ ಮ್ಯೂನಿಕ್ಕಿನಿಂದ ಬರುವ ರೈಲಿನ ಬಾಲಕ್ಕೆ ಒಂದು ಮೊದಲ ದರ್ಜೆ ಡಬ್ಬಿ, ಅದು ನಮ್ಮ ಪುಟ್ಟ ಊರಿನಲ್ಲೇ ಕಳಚಿಕೊಳ್ಳುತ್ತದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಮುಚ್ಚಿದ್ದು" ಎಂಬ ಟಿಪ್ಪಣಿ. ಮುಚ್ಚಿದ್ದು! ಅಂದರೆ ಗುಟ್ಟು. ಕಣಿವೆಯ ಕಾಡಿಗೆ ಬೇಟೆಗೆಂದೂ, ಬೇಟೆಗಿಂತ ರಮ್ಯವಾದ ಕಾರಣಕ್ಕೆಂದೂ ಬರುತ್ತಿದ್ದ, ಪಟ್ಟ ಹೋದ ಹಳೆಯ ರಾಜವಂಶದ ದೊರೆಯೊಬ್ಬನನ್ನು ನಾನು ಸಾಧಾರವಾಗಿ ಸ್ಥಾಪಿಸಿದ್ದೆ. ಎರಡು ಚಳಿಗಾಲ ಕೂತು ಆ ರೈಲಿನ ಮಾದರಿ ಮಾಡಿ, ಕೊನೆಯ ಡಬ್ಬಿಯ ಕಿಟಕಿಗೆ ಗರಿಟೊಪ್ಪಿಗೆಯ ಅಕ್ಕಿಕಾಳಿನಷ್ಟು ದೊರೆಯನ್ನು ಅಂಟಿಸಿದ್ದೆ. ಮೇಯರ್ ಎದುರು ಅದು ಓಡಬೇಕಿತ್ತು.

"ಅಚ್ಚಿಗೆ ಹೋಗೋಕೆ ಮುಂಚೆ ವಾಲ್‌ಬುರ್ಗಾ ಅವ್ರಿಗೆ ಒಂದ್ಸಲ ತೋರ್ಸಪ್ಪ" ಎಂದ ಓಟ್ಮಾರ್.

"ಅವ್ರಿಗ್ಯಾಕೆ ತೊಂದ್ರೆ? ವಯಸ್ಸಾಗಿದೆ."

"ವಯಸ್ಸಾಗಿರೋದು ಅವ್ರಿಗೆ. ಬೆವರ್ತಾ ಇರೋದು ನೀನು."

ಮೂರು ವಾರ ಮರೆತವನಂತೆ ನಟಿಸಿದೆ. ನಾಲ್ಕನೆಯ ಗುರುವಾರ, ಎಲ್ಲರೆದುರೇ, ಹಸಿರು ಕೋಟು ಕೈಚಾಚಿತು. ಹದಿನಾಲ್ಕು ಪುಟವನ್ನೂ ಅವರು ಕೇಕಿನ ಪುಡಿ ಬೀಳದಂತೆ ಓದಿದರು. ಪೆನ್ಸಿಲು ಜೇಬಿನಿಂದ ಹೊರಬರಲೇ ಇಲ್ಲ; ಗೆದ್ದೆನೆಂದುಕೊಂಡೆ.

"ಚೆನ್ನಾಗಿ ಬರ್ದಿದೀರಿ, ಹೆರ್ ಲೈಡೆಲ್. ಈ ಡಬ್ಬಿ ವಾಪಸ್ ಹೇಗೆ ಹೋಯ್ತು?"

ನಾನು ಶುಕ್ರವಾರದ ಪುಟವನ್ನು ಕಂಠಪಾಠ ಮಾಡಿದ್ದೆ. ಶನಿವಾರದತ್ತ ತಿರುಗಿಯೂ ನೋಡಿರಲಿಲ್ಲ. ಅವರು ನನ್ನ ಪುಸ್ತಕವನ್ನೇ ತರಿಸಿಕೊಂಡು, ನನ್ನ ಬೆರಳನ್ನೇ ಹಿಡಿದು ಸಾಲಿನ ಮೇಲಿಟ್ಟರು. ಶನಿವಾರ ಬೆಳಿಗ್ಗೆ ಹಾಂಬುರ್ಗಿನಿಂದ ಆಲ್ಪ್ಸ್ ಬೆಟ್ಟದ ಕಡೆಗೆ ರಜಾ ರೈಲು. ನಮ್ಮೂರಿನಲ್ಲಿ ಅದಕ್ಕೆ ಒಂದು ಮೊದಲ ದರ್ಜೆ ಡಬ್ಬಿ ಜೋಡಣೆ. ಭಾನುವಾರ ಅದೇ ಡಬ್ಬಿ ಬೆಟ್ಟದಿಂದ ಮ್ಯೂನಿಕ್ಕಿಗೆ.

"ಶನಿವಾರ ಇಲ್ಲಿ ಬೇಕು ಅಂದ್ರೆ ಶುಕ್ರವಾರವೇ ಬಂದು ಮಲಗಿರ್ಬೇಕಲ್ಲ? ಖಾಲಿ ತರೋದು. ಜನ ಹತ್ತಿ ಕೊಳಕು ಮಾಡ್ಬಾರ್ದು ಅಂತ ಮುಚ್ಚಿದ್ದು. ಆ ಟಿಪ್ಪಣಿ ನಾನೇ ಬರ್ದಿದ್ದು. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆ."

ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಓಟ್ಮಾರ್ ನನ್ನ ಹದಿನಾಲ್ಕು ಪುಟಗಳನ್ನು ಮೆಲ್ಲಗೆ ಮಡಿಚಿ, ಸಂಚಿಕೆಗೆ ಒಂದು ಪುಟ ಬರೆದುಕೊಡಿರೆಂದು ಫ್ರೌ ಶ್ಟೀಗ್ಲರ್ ಅವರನ್ನು ಕೇಳಿದ. "ಅರ್ಧ ಸಾಕು" ಎಂದರು ಅವರು.

ನಮ್ಮಂಥವರು ರೈಲು ಕಣ್ಣೆದುರು ಹಾದುಹೋಗುವಷ್ಟು ಹೊತ್ತು ಮಾತ್ರ ಅದನ್ನು ಪ್ರೀತಿಸುತ್ತೇವೆ. ಕಿಟಕಿ ಕಂಡಲ್ಲೆಲ್ಲ ಒಬ್ಬ ದೊರೆಯನ್ನು ಕೂರಿಸುತ್ತೇವೆ. ಫ್ರೌ ಶ್ಟೀಗ್ಲರ್ ಅವರ ಜಾತಿಯವರು, ಎಲ್ಲ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ, ರೈಲು ಕಣ್ಮರೆಯಾದ ಮೇಲೆ ಅದು ಎಲ್ಲಿ ತಂಗುತ್ತದೆ, ನಾಳೆ ಯಾರಿಗೆ ಬೇಕಾಗುತ್ತದೆ ಎಂಬುದನ್ನು ಹೊತ್ತುಕೊಂಡು ಬದುಕುತ್ತಾರೆ. ಜಗತ್ತು ಶನಿವಾರ ಬೆಳಿಗ್ಗೆ ನಿಂತುಹೋಗದೆ ಇರುವುದು ಅವರಿಂದ. ಇದನ್ನು ಒಪ್ಪಿದ ಮೇಲೂ ಮತ್ಸರ ಹೋಗಲಿಲ್ಲ; ಅದಕ್ಕೊಂದು ಗೌರವದ ಡಬ್ಬಿ ಜೋಡಣೆಯಾಯಿತು, ಅಷ್ಟೆ.

ಅಂದು ಮಾತ್ರ, ಎರಡು ಚಳಿಗಾಲದ ನನ್ನ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು, ಮಗುವಿನಂತೆ ಕೇಳಿಬಿಟ್ಟೆ: "ಹಾಗಾದ್ರೆ ನನ್ನ ದೊರೆ ಗತಿ?"

ಅವರು ಕಿಟಕಿಯಲ್ಲಿ ಇಣುಕಿ ನೋಡಿ, ಕೇಕಿನ ಅಂಚನ್ನು ಬಾಯಿಗೆ ಹಾಕಿಕೊಂಡರು.

"ಇಳಿಸ್ರೀ. ಡಬ್ಬಿಗೆ ಬೀಗ ಹಾಕ್ಬೇಕು."