ಹಾರ್ನಿಲ್ಲದ ಗಾಡಿ

ಹೊಸ ಬಸ್ಸು ಒಂದು, ಡ್ರೈವರುಗಳು ಇಬ್ಬರು. ಯಾರಿಗೆ ಕೊಡುವುದೆಂದು ತೀರ್ಮಾನಿಸಲು ಮಾಲೀಕ ಸಂಪತ್ ಕುಮಾರನಿಗೆ ಹೊಳೆದದ್ದು ಹುಡುಗಾಟದ ಉಪಾಯ. ಎಪ್ಪತ್ತೊಂಬತ್ತರಲ್ಲಿ ಮಂಡ್ಯದ ವಸ್ತುಪ್ರದರ್ಶನಕ್ಕೆ ಬೊಂಬಾಯಿಯಿಂದ ಕಾರು ಓಡಿಸುವ ಆಟದ ಯಂತ್ರವೊಂದು ಬಂದಿತ್ತು. ಟಿವಿಯಂಥ ಗಾಜು, ಮುಂದೆ ಸ್ಟೇರಿಂಗು, ಕಾಲಡಿ ಎರಡು ಪೆಡಲು. ಕೊಟ್ಟ ಹೊತ್ತಿನಲ್ಲಿ ಎಷ್ಟು ದೂರ ಓಡಿಸಿದರೆ ಅಷ್ಟು ಅಂಕ. "ಇದರಲ್ಲಿ ಹೆಚ್ಚು ಅಂಕ ತೆಗೆದವರಿಗೆ ಹೊಸ ಬಸ್ಸು," ಎಂದುಬಿಟ್ಟ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಇಬ್ಬರಲ್ಲಿ ಹಿರಿಯ ಕೆಂಪಸಿದ್ದಯ್ಯನಿಗೆ ಆ ಬಸ್ಸು ಬೇಕೇ ಬೇಕಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಇಪ್ಪತ್ತೆರಡು ವರ್ಷ ಹಳೇ ಬಸ್ಸಿನ ಗೇರು ಎಳೆದೆಳೆದು ಅವನ ಸೊಂಟ ಬಿದ್ದುಹೋಗಿತ್ತು. ಹೊಸದರ ಸೀಟಿಗೆ ಸ್ಪಂಜಿದೆ ಎಂದು ಕೇಳಿದಂದಿನಿಂದ ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಮೊದಲು ಅವನೇ ಕೂತ. ಗಾಜಿನೊಳಗೆ ಎದುರಿಗೊಂದು ಕಾರು ಬಂತು. ಕೈ ತಾನಾಗಿ ಹಾರ್ನು ಹುಡುಕಿತು, ಹಾರ್ನೇ ಇಲ್ಲ. ಕಾಲು ಬ್ರೇಕಿಗೆ ಹೋಯಿತು. ತಿರುವಿನಲ್ಲೂ ನಿಧಾನಿಸಿದ. ಆಚೆ ಕಬ್ಬಿನ ಗಾಡಿ ಇದ್ದರೆ? ರಸ್ತೆಗೆ ಹುರುಳಿ ಹರಡಿ ಒಕ್ಕಣೆ ಮಾಡುತ್ತಿದ್ದರೆ? ಗಾಜಿನ ರಸ್ತೆಯಲ್ಲಿ ಗಾಡಿಯೂ ಇರಲಿಲ್ಲ, ಒಕ್ಕಣೆಯೂ ಇರಲಿಲ್ಲ. ಹೊತ್ತು ಮುಗಿದಾಗ ಅಂಕ ನಲವತ್ತು.

ಇನ್ನೊಬ್ಬ ಡ್ರೈವರು ಸಿದ್ದರಾಮು ವಯಸ್ಸಿನಲ್ಲಿ ಚಿಕ್ಕವನು, ಚುರುಕು. ಒಂದು ಸಲ ಬೇಕೆಂದೇ ಗುದ್ದಿ ನೋಡಿದ. ಯಂತ್ರ ಡರ್ರೆಂದಿತು, ಕಾರು ಕ್ಷಣ ನಡುಗಿ ಮತ್ತೆ ಓಡಿತು. ಇಷ್ಟೇ ಶಿಕ್ಷೆ ಎಂದು ಗೊತ್ತಾದ ಮೇಲೆ ಬ್ರೇಕಿನ ಕಡೆ ಕಾಲನ್ನೇ ಇಡಲಿಲ್ಲ. ಅಡ್ಡ ಬಂದದ್ದಕ್ಕೆಲ್ಲ ಗುದ್ದಿಕೊಂಡೇ ನೂರಾ ಹತ್ತು ಮುಟ್ಟಿಸಿದ.

"ಗುದ್ದುದ್ರೆ ಏನೂ ಆಗಾಕಿಲ್ಲ ಕಣಣ್ಣೋ. ನೀನ್ಯಾಕೆ ಬ್ರೇಕ್ ತುಳ್ದೆ?"

"ನಂಗೂ ಗೊತ್ತಾಯ್ತು ಕಣ್ಲಾ. ಕಾಲು ಕೇಳ್ನಿಲ್ಲ," ಎಂದ ಕೆಂಪಸಿದ್ದಯ್ಯ. ಇಂಥದ್ದಕ್ಕೆ ಸೋತೆನಲ್ಲ ಎಂದು ಹೊಟ್ಟೆ ಉರಿಯಿತು. ಹೆಚ್ಚು ಹೊತ್ತು ಉರಿದುಕೊಳ್ಳುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ಸೋಮವಾರ ಮಂಡ್ಯದ ಬಸ್ ನಿಲ್ದಾಣದಲ್ಲಿ ಹೊಸ ಬಸ್ಸಿಗೆ ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಜನ ಮುಗಿಬಿದ್ದು ಹತ್ತಿದರು. ಪಕ್ಕದಲ್ಲೇ ಕೆಂಪಸಿದ್ದಯ್ಯ ಹಳೇ ಬಸ್ಸಿನ ಗಟ್ಟಿ ಸೀಟಿಗೆ ದುಪ್ಪಟಿ ಮಡಿಸಿ ಹಾಕಿಕೊಳ್ಳುತ್ತಿದ್ದ. ಸಂಪತ್ ಕುಮಾರ ತಾಯಿ ಪಂಕಜಮ್ಮನ ಕೈ ಹಿಡಿದು ಬಂದವನು ಅವರನ್ನು ಹಳೇ ಬಸ್ಸಿಗೇ ಹತ್ತಿಸಿದ.

"ಅಮ್ಮ ಮಳವಳ್ಳಿಗೆ ಹೊರಟಿದಾರೆ. ಹುಷಾರಾಗಿ ಕರ್ಕೊಂಡು ಹೋಗಿ, ಸಿದ್ದಯ್ಯ."

"ಒಸಾ ಬಸ್ಸೂ ಮಳವಳ್ಳಿಗೇ ಒಂಟು ನಿಂತದಲ್ಲ, ಬುದ್ಧೀ?"

"ಸಿದ್ದರಾಮು ಸ್ವಲ್ಪ ಜೋರು. ನೀವಾದರೆ ನನಗೆ ನೆಮ್ಮದಿ."

ಕೆಂಪಸಿದ್ದಯ್ಯ ಹೊಸ ಬಸ್ಸಿನ ಕಿಟಕಿಗಳತ್ತ ನೋಡಿದ. ಹೆಂಗಸರು ಮಡಿಲಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸ್ಪಂಜಿನ ಸೀಟು ಒತ್ತಿ ಒತ್ತಿ ನಗುತ್ತಿದ್ದರು.

"ಅಂಗಾರೆ ಅದ್ರಲ್ಲಿ ಕುಂತಿರೋರು ಯಾರ ಅಮ್ಮಂದ್ರು, ಬುದ್ಧೀ?"

ಸಂಪತ್ ಕುಮಾರ ಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಹೊಸ ಬಸ್ಸು ಹೊರಟುಹೋಯಿತು.